ಮಳೆ ರಜೆಯೂ ಅವ್ವನ ರಕ್ತವೂ

ಆಗುವುದಿಲ್ಲ ಎಂದು ಹೇಳಿದವರ ಹೆಸರನ್ನು ನಾನು ಮರೆಯುವುದಿಲ್ಲ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತಿದೆ. ಆದರೆ ಮನೆತನದಲ್ಲಿ ಮೊದಲ ಬಾರಿಗೆ ಡಿಗ್ರಿ ಮಾಡಿದವರ ಹತ್ತಿರ ಇಂಥದೊಂದು ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಚಳಿಯಲ್ಲಿ ಕಂಬಳಿ ಸರಿಸಿ ರಸಾಯನಶಾಸ್ತ್ರ ಓದಲು ಯಾರಿಗೆ ತಾನೇ ಮನಸ್ಸು ಬಂದೀತು? ನನ್ನ ಪಟ್ಟಿಯಲ್ಲಿ ಮೊದಲ ಹೆಸರು ನನ್ನ ಸೋದರಮಾವ ಪರಶುರಾಮನದು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಅವನು ಕಾವಲುಗಾರ. ನಾನು ಪಿಯುಸಿ ಮುಗಿಸಿ ಬಿ.ಫಾರ್ಮಾ ಸೇರುತ್ತೇನೆ ಎಂದಾಗ ಅವನು ಬೀಡಿ ಹೊತ್ತಿಸುವುದನ್ನು ನಿಲ್ಲಿಸಿ, "ನಮ್ಮ ಸಿದ್ದಿ ಕೇರ್ಯಾಗಿನ ಹುಡುಗಿ ಔಷಧದ ಡಿಗ್ರಿ ಮಾಡ್ತಾಳಂದ್ರ ಕಾಳಿ ಹೊಳಿ ತಿರುಗಿ ಸೂಪಾ ಕಡೆ ಹರೀತತಿ ನೋಡು" ಎಂದಿದ್ದ. ನಾನು ಪಾಸಾದೆ. ಕಾಳಿ ನದಿ ಈಗಲೂ ಸಮುದ್ರದ ಕಡೆಗೇ ಹರಿಯುತ್ತಿದೆ. ಇವೆರಡೂ ಒಟ್ಟಿಗೆ ಆಗಬಹುದು ಎಂಬುದನ್ನು ಮಾವನಿಗೆ ಸಂದರ್ಭ ಸಿಕ್ಕಾಗಲೆಲ್ಲ ತಿಳಿಸುತ್ತ ಬಂದಿದ್ದೇನೆ.

ಪಟ್ಟಿಗೆ ಇತ್ತೀಚೆಗೆ ಸೇರಿದ ಹೆಸರು ಹಳಿಯಾಳದ ಲ್ಯಾಬಿನ ಬಸವರಾಜನದು. ಅವನು ಹೇಳಿದ್ದು ನನ್ನ ಡಿಗ್ರಿಯ ಬಗ್ಗೆ ಅಲ್ಲ, ನನ್ನ ಅವ್ವನ ರಕ್ತದ ಬಗ್ಗೆ. "ಮೇಡಂ, ಶೇರು ಮಾರ್ಕೆಟ್ ಬೇಕಾದ್ರ ಒಂದ ಕಡೆ ನಿಂತೀತು. ನಿಮ್ಮ ಅವ್ವಾರ ನಂಬರ್ ಮಾತ್ರ ನಿಲ್ಲೂದಿಲ್ಲ ಬಿಡ್ರಿ. ಇದು ಆಗೂ ಮಾತಲ್ಲ." ಮಾವನ ಮಾತಿಗೆ ನಾಲ್ಕು ವರ್ಷ ಓದಿ ಉತ್ತರ ಕೊಟ್ಟಿದ್ದೆ. ಬಸವರಾಜನ ಮಾತಿಗೆ ಉತ್ತರ ಕೊಡಲು, ತೊಂದರೆ ಶುರುವಾದ ದಿನದಿಂದ ಲೆಕ್ಕ ಹಿಡಿದರೂ, ನಾಲ್ಕೇ ತಿಂಗಳು ಹಿಡಿಯಿತು. ಆದರೆ ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದಕ್ಕೆ ನಾಲ್ಕು ವರ್ಷದ ಓದು ಸಾಟಿಯಲ್ಲ. ಇದನ್ನು ಒಪ್ಪಿಕೊಳ್ಳುವಾಗ ನನ್ನಂಥ ಹಮ್ಮಿನವಳಿಗೆ ಎಷ್ಟು ಕಷ್ಟವಾಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಅವ್ವನ ಹೆಸರು ನಾಗವ್ವ. ನಮ್ಮೂರು ಹಳಿಯಾಳದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟ ಮಾಡುತ್ತಾಳೆ. ನಾನು ಓದಿದ್ದೂ ಅದೇ ಶಾಲೆಯಲ್ಲಿ. ನಾನು ಒಳಗೆ ಮಗ್ಗಿ ಹೇಳುವಾಗ ಹೊರಗೆ ಅವ್ವನ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಹಾಗಾಗಿ ನನಗೆ ಇಂದಿಗೂ ಹದಿಮೂರರ ಮಗ್ಗಿ ಹೇಳಿದರೆ ಹಸಿವಾಗುತ್ತದೆ. ಸಣ್ಣವಳಿದ್ದಾಗ ಬಂದ ಕೀಲುಜ್ವರ ಅವ್ವನ ಹೃದಯದ ಒಂದು ಕವಾಟವನ್ನು ಒಳಗೊಳಗೇ ಹಾಳುಮಾಡಿತ್ತಂತೆ. ಅದು ತಿಳಿದದ್ದು ನಾನು ಕೊನೆಯ ವರ್ಷದಲ್ಲಿದ್ದಾಗ, ಅನ್ನದ ಬೋಗಾಣಿ ಇಳಿಸಲು ಹೋಗಿ ಅವಳು ಏದುಸಿರು ಬಿಡುತ್ತ ಒಲೆಯ ಮುಂದೆ ಕೂತುಬಿಟ್ಟಾಗ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಲೋಹದ ಕವಾಟ ಕೂರಿಸಿದರು. ಈಗ ಅವ್ವನ ಪಕ್ಕದಲ್ಲಿ ಸುಮ್ಮನೆ ಕೂತರೆ ಎದೆಯೊಳಗಿಂದ ಟಿಕ್, ಟಿಕ್ ಎಂದು ಕೇಳುತ್ತದೆ. ಅವಳ ಜೊತೆ ಅಡುಗೆ ಮಾಡುವ ಬೀಬಿ ಆಪಾ ಮೊದಲ ಸಲ ಕೇಳಿದಾಗ, "ಯವ್ವಾ ನಾಗಿ, ಸಾಲಿ ಗಡಿಯಾರ ಕಳದೈತಿ ಅಂತ ಎಲ್ಲಾರೂ ಹುಡಕಾಕತ್ತಾರ, ನೀ ನುಂಗಿ ಕುಂತಿಯೇನ?" ಎಂದಿದ್ದರು.

ಆ ಗಡಿಯಾರ ನಡೆಯಬೇಕಾದರೆ ಅವ್ವ ದಿನಾ ಒಂದು ಗುಳಿಗೆ ನುಂಗಬೇಕು. ಅದರ ಹೆಸರು ವಾರ್ಫರಿನ್. ಲೋಹ ಕಂಡರೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಕವಾಟಕ್ಕೆ ಸಿಕ್ಕಿದರೆ ಗಡಿಯಾರ ನಿಂತಂತೆ, ಮಿದುಳಿಗೆ ಹೋದರೆ ಕೈಕಾಲು ಬಿದ್ದಂತೆ. ಹಾಗೆಂದು ರಕ್ತವನ್ನು ತೀರಾ ತೆಳ್ಳಗೆ ಮಾಡಿದರೆ ತಲೆಯೊಳಗೇ ಸೋರಬಹುದು. ಅದಕ್ಕೇ ಐಎನ್‌ಆರ್ ಎಂಬ ಪರೀಕ್ಷೆ. ಅವ್ವನ ಅಂಕ ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಜಾಸ್ತಿ ಅಂಕ ತೆಗೆದುದಕ್ಕೆ ಬೈಯಿಸಿಕೊಳ್ಳುವ ಪರೀಕ್ಷೆ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಈ ಗುಳಿಗೆಯ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬೆರಗು. ಕಡಲೆಬೇಳೆಯ ಅರ್ಧದಷ್ಟೂ ಇಲ್ಲ, ಆದರೆ ಇದರ ಜೊತೆ ಜಗಳವಾಡದ ವಸ್ತುವೇ ಇಲ್ಲ. ಕೀಲುನೋವಿನ ಗುಳಿಗೆ ನುಂಗಿದರೆ ಇದಕ್ಕೆ ಸಿಟ್ಟು. ಕೆಮ್ಮಿಗೆ, ಕಫಕ್ಕೆ ಕೊಡುವ ಎಷ್ಟೋ ಆಂಟಿಬಯೋಟಿಕ್‌ಗಳು ಇದರ ಹೆಗಲ ಮೇಲೆ ಕೈಹಾಕಿ ಬಲ ಹೆಚ್ಚಿಸುತ್ತವೆ. ಕ್ಷಯಕ್ಕೆ ಕೊಡುವ ಒಂದು ಔಷಧ, ಮೂರ್ಛೆರೋಗದ ಕೆಲವು ಔಷಧಗಳು ಇದರ ಕುತ್ತಿಗೆ ಹಿಸುಕುತ್ತವೆ. ಔಷಧ ಹಾಗಿರಲಿ, ರೋಗಗಳ ಜೊತೆಗೂ ಇದಕ್ಕೆ ವ್ಯವಹಾರವಿದೆ. ಜ್ವರ ಬಂದರೆ, ಭೇದಿಯಾದರೆ, ಯಕೃತ್ತು ಸೊರಗಿದರೆ, ಥೈರಾಯಿಡ್ ಏರಿದರೆ ಅದೇ ಗುಳಿಗೆ, ಅದೇ ಪ್ರಮಾಣ, ಬೇರೆಯೇ ಪರಿಣಾಮ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಾಗ ನಾನು ಎಷ್ಟು ಬರೆದೆನೆಂದರೆ, ಹೆಚ್ಚಿನ ಹಾಳೆ ಕಟ್ಟಲು ದಾರ ಕೇಳಿದಾಗ ಮೇಲ್ವಿಚಾರಕರು, "ಇನ್ನೂ ಯಾರ್ಯಾರ ಜೊತಿ ಜಗಳಾ ಐತಿ ಅದರದು?" ಎಂದು ಕೇಳಿದ್ದರು. ಆ ಪೇಪರಿನಲ್ಲಿ ಕ್ಲಾಸಿಗೇ ಹೆಚ್ಚು ಅಂಕ ನನಗೆ. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದ್ದೇನೆ.

ಆಪರೇಷನ್ ಆದ ಮೇಲೆ ಒಂದು ವರ್ಷ ಅವ್ವ ಮನೆಯಲ್ಲಿದ್ದಳು. ನಾನು ಅಷ್ಟರಲ್ಲಿ ಪಾಸಾಗಿ ಹಳಿಯಾಳದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ನನ್ನದೇ ಕಾನೂನು. ಸೊಪ್ಪಿನಲ್ಲಿ ಇರುವ ಕೆ ಜೀವಸತ್ವ ಈ ಗುಳಿಗೆಯ ನೇರ ವೈರಿ ಎಂದು ಓದಿದವಳು ನಾನು. ಆದ್ದರಿಂದ ಮೊದಲ ದಿನವೇ, "ಇನ್ನ ಮುಂದ ಈ ಮನ್ಯಾಗ ಹಸರ ಬಣ್ಣದ್ದ ಏನೂ ಬೇಯಂಗಿಲ್ಲ" ಎಂದು ಘೋಷಿಸಿಬಿಟ್ಟೆ. ಅವ್ವ, "ಮೆಣಸಿನಕಾಯಿ?" ಎಂದು ಕೇಳಿದಳು. ಮೆಣಸಿನಕಾಯಿಗೆ ವಿನಾಯಿತಿ ಸಿಕ್ಕಿತು. ಆ ವರ್ಷವಿಡೀ ಅವಳ ನಂಬರು ಗೋಡೆಗೆ ಹೊಡೆದ ಮೊಳೆಯಂತೆ ಒಂದೇ ಕಡೆ ಇತ್ತು. ಎಲ್ಲರೂ ನನ್ನನ್ನು ಹೊಗಳಿದರು. ನಾನು ಬೇಡ ಬೇಡ ಎನ್ನುತ್ತ ಪೂರ್ತಿ ಕೇಳಿಸಿಕೊಂಡೆ.

ತೊಂದರೆ ಶುರುವಾದದ್ದು ಈ ಜೂನಿನಲ್ಲಿ, ಅವ್ವ ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ. ಅಡುಗೆಯವರು ವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತಂದುಕೊಡಬೇಕು. ಅದು ಪ್ರತಿ ವರ್ಷದ ನಿಯಮ. ಹಳಿಯಾಳದ ನಮ್ಮ ಡಾಕ್ಟರು ಸಹಿ ಹಾಕುವ ಮೊದಲು ಒಂದು ಐಎನ್‌ಆರ್ ನೋಡೋಣ ಎಂದರು. ಬಂದದ್ದು ಒಂದು ಮುಕ್ಕಾಲು. ಅವರು ಹುಬ್ಬು ಗಂಟಿಕ್ಕಿ ಗುಳಿಗೆಯನ್ನು ಸ್ವಲ್ಪ ಹೆಚ್ಚಿಸಿದರು. ಜುಲೈಯಲ್ಲಿ ಜೋರು ಮಳೆ ಹಿಡಿದಾಗ ನೋಡಿದರೆ ಐದರ ಮೇಲೆ. ಅವ್ವ ಹಲ್ಲುಜ್ಜಿದರೆ ಬಚ್ಚಲಲ್ಲಿ ಕೆಂಪು, ತೋಳಿನ ಮೇಲೆ ನೇರಳೆ ಹಣ್ಣು ಹಿಚುಕಿದಂಥ ಕಲೆಗಳು. ಗುಳಿಗೆ ಕಡಿಮೆ ಮಾಡಿದರು. ಆಗಸ್ಟಿನಲ್ಲಿ ಮತ್ತೆ ಒಂದೂವರೆ. ಬಸವರಾಜ ಶೇರು ಮಾರ್ಕೆಟ್ಟಿನ ಮಾತು ಹೇಳಿದ್ದು ಆಗಲೇ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡ್ರಿ ನಾಗವ್ವ, ಮನ್ಯಾಗ ಇದ್ದಾಗ ನಿಮ್ಮದು ಚಲೋ ಇತ್ತು. ಕೆಲಸಕ್ಕ ಹೋಗಾಕತ್ತಿಂದ ಹಿಂಗ ಆಗಾಕತ್ತೈತಿ. ಒಲಿ ಮುಂದಿನ ಕೆಲಸ ನಿಮಗ ಆಗಿಬರೂದಿಲ್ಲ ಅಂತ ಕಾಣತೈತಿ. ಸಾಲಾಗಿ ಮೂರು ಸರ್ತಿ ನಂಬರ್ ಸರಿ ಬಂದ್ರ ಸಹಿ ಮಾಡ್ತೇನಿ. ಇಲ್ಲಂದ್ರ ನನ್ನ ಕೈಲಿ ಆಗೂದಿಲ್ಲ."

ಬಸ್ಸಿನಲ್ಲಿ ಇಡೀ ದಾರಿ ಅವ್ವನ ಎದೆಯ ಟಿಕ್ ಟಿಕ್ ಮಾತ್ರ ಕೇಳಿಸುತ್ತಿತ್ತು. ಊರು ಬಂದಾಗ ಒಂದೇ ಮಾತು ಹೇಳಿದಳು: "ನಾ ಮನ್ಯಾಗ ಕುಂತ್ರ ಆ ಗಡಿಯಾರ ಯಾರ ಸಲುವಾಗಿ ನಡೀಬೇಕು?" ಶಾಲೆಯ ಮುಖ್ಯ ಶಿಕ್ಷಕಿಯನ್ನು ನಮ್ಮೂರಲ್ಲಿ ದೊಡ್ಡ ಅಕ್ಕೋರು ಎನ್ನುತ್ತಾರೆ. ಅವರು ಒಳ್ಳೆಯವರು. "ದಸರಾ ರಜಾ ಮುಗದು ಸಾಲಿ ಚಾಲೂ ಆಗೂದರಾಗ ಕಾಗದ ತಂದ್ರ ಆತು. ಅಲ್ಲೀತನಾ ಭಾರ ಎತ್ತಬ್ಯಾಡ, ಬೀಬಿ ಎತ್ತಲಿ. ಆಮ್ಯಾಲ ಮಾತ್ರ ನಾನೂ ಏನೂ ಮಾಡಾಕ ಬರೂದಿಲ್ಲ ನಾಗವ್ವ, ಬ್ಯಾರೆಯವರನ್ನ ತಗೋಬೇಕಾಗತೈತಿ" ಎಂದರು.

ಇನ್ನು ನಾನು ಬಿಟ್ಟೇನೆ? ಕ್ಲಾಸಿಗೇ ಹೆಚ್ಚು ಅಂಕ ತೆಗೆದವಳು. ವೈರಿ ಯಾರು ಎಂದು ಹುಡುಕಲು ಒಂದು ಭಾನುವಾರ ಮನೆಯ ಮೇಲೆ ದಾಳಿ ಮಾಡಿದೆ. ಅವ್ವನ ಟ್ರಂಕಿನಲ್ಲಿ, ಸೀರೆಯ ಮಡಿಕೆಯಲ್ಲಿ, ದೇವರ ಗೂಡಿನ ಹಿಂದೆ, ಎಲ್ಲಿ ಕೈಹಾಕಿದರೂ ಒಂದೊಂದು ಅಪರಾಧಿ ಸಿಕ್ಕಿಬಿದ್ದ. ಮೊದಲು ಸಿಕ್ಕದ್ದು ನೋವಿನ ಮುಲಾಮಿನ ಮೂರು ಡಬ್ಬಿ. ಅದರಲ್ಲಿರುವ ಎಣ್ಣೆ ಚರ್ಮದೊಳಗೆ ಇಳಿದು ವಾರ್ಫರಿನ್ನಿನ ಬಲ ಹೆಚ್ಚಿಸುತ್ತದೆ ಎಂದು ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಸಣ್ಣ ಅಕ್ಷರವನ್ನೂ ಓದಿದ್ದೆ. "ಮಣಕಾಲಿಗೆ ಹಚ್ಚಿದ್ದು ರಗತಕ್ಕ ಹೆಂಗ ಹೋಗತೈತೆ?" ಎಂದು ಅವ್ವ. "ಹೋಗತೈತಿ" ಎಂದು ನಾನು. "ಹಂಗಾದ್ರ ಹಣಿಗೆ ಹಚ್ಚಿದ ಕುಂಕುಮಾನೂ ಹೋಗಿರಬೇಕಲ್ಲ" ಎಂದಳು. ಮುಲಾಮು ಹೊರಗೆ ಹೋಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡ ಮೈಕೈನೋವಿನ ಗುಳಿಗೆಗಳು ಕಾಗದದ ಪೊಟ್ಟಣದಲ್ಲಿ ಸಿಕ್ಕವು. ಅವು ಹೊಟ್ಟೆಯಲ್ಲಿ ರಕ್ತ ಸುರಿಸಬಲ್ಲವು. "ಎಷ್ಟ ತಗೊಂಡಿ?" "ತಗೊಂಡಿಲ್ಲ. ಇರಲಿ ಅಂತ ಇಟ್ಟೇನಿ." ನಮ್ಮ ಹಿರಿಯರು ಔಷಧವನ್ನು ಹಾಗೆಯೇ ಇಡುವುದು, ಹಾವು ಬಂದರೆ ಇರಲಿ ಎಂದು ಮೂಲೆಯಲ್ಲಿ ಬಡಿಗೆ ಇಟ್ಟ ಹಾಗೆ. ಮುಂಡಗೋಡಿನಲ್ಲಿರುವ ನನ್ನ ಚಿಕ್ಕಮ್ಮ ಅಲ್ಲಿನ ಟಿಬೇಟಿಯನ್ ಕ್ಯಾಂಪಿನಿಂದ ತಂದುಕೊಟ್ಟ ಕಪ್ಪು ಗುಂಡು ಗುಳಿಗೆಗಳೂ ಇದ್ದವು. ಅವನ್ನೂ ಅವ್ವ ತೆಗೆದುಕೊಂಡಿರಲಿಲ್ಲ, ಮಣಿ ಚೆಂದ ಇವೆ ಎಂದು ಇಟ್ಟುಕೊಂಡಿದ್ದಳು. ಅಮೃತಬಳ್ಳಿಯ ಕಷಾಯ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಮಾವ ದಾಂಡೇಲಿಯಿಂದ ಕಳಿಸಿದ, ಅದರ ಬಗ್ಗೆ ಹೆಚ್ಚು ಕೇಳಬಾರದಂಥ ಒಂದು ಶಕ್ತಿಯ ಟಾನಿಕ್ಕು, ಎಲ್ಲವನ್ನೂ ಚೀಲಕ್ಕೆ ತುಂಬಿದೆ.

"ಅಷ್ಟೂ ಒಯ್ಯಿ. ಕದಾ ಕಿತ್ತಿ ಒಯ್ಯಿ. ಕದದಾಗೂ ಏನರ ಸತ್ವ ಇದ್ದೀತು" ಎಂದಳು ಅವ್ವ.

ಹದಿನೈದು ದಿನದ ನಂತರ ಪರೀಕ್ಷೆ ಮಾಡಿಸಿದರೆ ಒಂದೂವರೆಗಿಂತಲೂ ಕಡಿಮೆ. ಅಪರಾಧಿಗಳನ್ನೆಲ್ಲ ಗಡಿಪಾರು ಮಾಡಿದ ಮೇಲೆ ಅಪರಾಧ ಇನ್ನೂ ಹೆಚ್ಚಾಗಿತ್ತು. ನಾನು ರೋಗಗಳ ಕಡೆ ತಿರುಗಿದೆ. ಜುಲೈಯಲ್ಲಿ ನಂಬರು ಏರಿದಾಗ ಜ್ವರ ಬಂದಿತ್ತೇ? ಇಲ್ಲ. ಭೇದಿ? ಇಲ್ಲ. ಥೈರಾಯಿಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿತ್ತು. ಯಕೃತ್ತು ಸರಿಯಾಗಿತ್ತು. ಗುಳಿಗೆ ನುಂಗುವುದನ್ನು ಮರೆಯುತ್ತಾಳೋ ಎಂದು ನಾನೇ ಎದುರು ನಿಂತು ನುಂಗಿಸಿದೆ, ಆಮೇಲೆ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡಿದೆ. "ನಿನಗ ಹಾಲ ಹಲ್ಲ ಬಂದಾಗ ನಾನೂ ಹಿಂಗ ನೋಡಿದ್ದೆ. ಆವಾಗ ನೀ ಕಚ್ಚಿದ್ದಿ" ಎಂದು ಅವ್ವ ನೆನಪಿಸಿದಳು. ದಿನಾ ಅವಳ ತಾಟಿನ ಮುಂದೆ ಕೂತು ವಿಚಾರಣೆ. "ಸೊಪ್ಪು ತಿಂದಿಯೇನ?" "ಇಲ್ಲ." "ಖರೇನ ಹೇಳು." "ದೇವರಾಣಿ, ತಪ್ಪಲ ಊಟಕ್ಕ ಮುಟ್ಟಿಲ್ಲ." ನನ್ನ ಅವ್ವ ಸುಳ್ಳು ಹೇಳುವವಳಲ್ಲ. ದೇವರ ಆಣೆಯಂತೂ ಹುಡುಗಾಟಕ್ಕೂ ಹಾಕುವವಳಲ್ಲ. ಹಾಗಾದರೆ ಏನು? ಪುಸ್ತಕದಲ್ಲಿದ್ದ ಪಟ್ಟಿ ಮುಗಿದಿತ್ತು. ಓದಿದ್ದು ಮುಗಿದ ಮೇಲೆ ಮುಂದೇನು ಎಂದು ಯಾರೂ ಕಲಿಸಿರಲಿಲ್ಲ. ದಸರೆಗೆ ನಾಲ್ಕು ವಾರವೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಯಾರಾದರೂ ಬಂದು, "ಮೇಡಂ, ಈ ಗುಳಗಿ ಊಟದ ಮೊದಲೋ ಆಮ್ಯಾಲೋ?" ಎಂದು ಕೇಳಿದರೆ ನನಗೆ ಉತ್ತರಿಸಲು ಹೆದರಿಕೆಯಾಗುತ್ತಿತ್ತು.

ಒಂದು ಮಂಗಳವಾರ ಅಂಗಡಿಗೆ ರಜೆ ಹಾಕಿ, ಇನ್ನೊಂದು ತಿಂಗಳ ಅವಕಾಶ ಕೇಳೋಣವೆಂದು ಶಾಲೆಗೆ ಹೋದೆ. ದೊಡ್ಡ ಅಕ್ಕೋರು ಮೂರನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಆಫೀಸಿನಲ್ಲಿ ಕಾಯುತ್ತ ಕೂತೆ. ಮೇಜಿನ ಮೇಲೆ ರುಚಿ ನೋಡುವ ರಿಜಿಸ್ಟರು ಇತ್ತು. ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರೂ ಶಿಕ್ಷಕರೂ ಊಟದ ರುಚಿ ನೋಡಿ, ತಾರೀಕು ಹಾಕಿ, ಏನು ಅಡುಗೆ ಎಂದು ಬರೆದು ಸಹಿ ಮಾಡಬೇಕು. ನಾನು ಅದನ್ನು ತೆರೆದದ್ದು ತನಿಖೆಗಲ್ಲ, ಅವ್ವನ ಸಹಿ ನೋಡುವ ಆಸೆಗೆ. ಹೆಬ್ಬೆಟ್ಟಿನವಳಿಗೆ ಸಹಿ ಕಲಿಸಿದವಳು ನಾನೇ, ಆರನೇ ತರಗತಿಯಲ್ಲಿದ್ದಾಗ. 'ನಾಗವ್ವ' ಎಂಬ ಮೂರು ಅಕ್ಷರ ಅವಳ ಕೈಯಲ್ಲಿ ಒಂದು ಸಾಲನ್ನು ಪೂರ್ತಿ ನುಂಗುತ್ತದೆ. ನೋಡುತ್ತ ಹೋದೆ. ಅನ್ನ, ರಾಜಗಿರಿ ಸೊಪ್ಪಿನ ಸಾಂಬಾರು: ನಾಗವ್ವ. ಅನ್ನ, ನುಗ್ಗೆ ಸೊಪ್ಪಿನ ಬೇಳೆ: ನಾಗವ್ವ. ಅನ್ನ, ಪಾಲಕ್ ಸಾಂಬಾರು: ನಾಗವ್ವ. ಶಾಲೆಯ ಹಿಂದಿನ ಕೈತೋಟದಲ್ಲಿ ಮಳೆಗಾಲದ ಸೊಪ್ಪು ಸೊಂಟದ ಮಟ್ಟ ಬೆಳೆದದ್ದನ್ನು ಬರುವಾಗ ನಾನೇ ನೋಡಿ, ಮಕ್ಕಳು ಎಷ್ಟು ಚೆಂದ ಬೆಳೆಸಿದ್ದಾರೆ ಎಂದುಕೊಂಡಿದ್ದೆ. ಜುಲೈಯ ಪುಟಕ್ಕೆ ಬಂದಾಗ ಆರು ಸಾಲುಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಬರೆದಿತ್ತು: ಮಳೆ ರಜೆ.

ನಮ್ಮ ಜಿಲ್ಲೆಯಲ್ಲಿ ಮಳೆ ಮಿತಿ ಮೀರಿದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುವುದು ನಿಮಗೆ ಗೊತ್ತಿರಬಹುದು. ಮಕ್ಕಳು ಆ ಆದೇಶಕ್ಕಾಗಿ ದೇವರಿಗಿಂತ ಹೆಚ್ಚಾಗಿ ಅವರನ್ನು ಪ್ರಾರ್ಥಿಸುತ್ತಾರೆ. ನಾನು ಬ್ಯಾಗಿನಿಂದ ಲ್ಯಾಬಿನ ಚೀಟಿಗಳನ್ನು ತೆಗೆದು ರಿಜಿಸ್ಟರಿನ ಪಕ್ಕದಲ್ಲಿ ಹರವಿದೆ. ಐದರ ಮೇಲೆ ಹೋದ ಚೀಟಿ ಮಳೆ ರಜೆಯ ಕೊನೆಯ ದಿನದ್ದು. ಒಂದೂವರೆಯ ಚೀಟಿ, ಸೊಪ್ಪಿನ ಸಾಂಬಾರು ಸಾಲಾಗಿ ಬಂದ ವಾರದ್ದು. ಶಾಲೆ ನಡೆದರೆ ನಂಬರು ಇಳಿಯುತ್ತದೆ, ಶಾಲೆ ಮುಚ್ಚಿದರೆ ಏರುತ್ತದೆ. ಕಾರವಾರದ ಕಚೇರಿಯಲ್ಲಿ ಕೂತ ಜಿಲ್ಲಾಧಿಕಾರಿಗಳು ಒಂದು ಕಾಗದಕ್ಕೆ ಸಹಿ ಹಾಕಿದರೆ ಇಲ್ಲಿ ನನ್ನ ಅವ್ವನ ರಕ್ತ ತೆಳ್ಳಗಾಗುತ್ತಿತ್ತು! ಮಳೆ, ಆದೇಶ, ತೋಟ, ಸಾಂಬಾರು, ಯಕೃತ್ತು, ಗುಳಿಗೆ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಅವಳೊಳಗೆ ಬಂದು ಸೇರಿದ್ದವು. ಪುಸ್ತಕದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ಆಹಾರದಲ್ಲಿ ಏರುಪೇರಾದರೆ ಪರಿಣಾಮವೂ ಏರುಪೇರಾಗುತ್ತದೆ ಎಂದು. ನಾನು ಆ ಸಾಲನ್ನು ಬಾಯಿಪಾಠ ಮಾಡಿದ್ದೆ. ಅದರೊಳಗೆ ಇಷ್ಟು ದೊಡ್ಡ ಲೋಕ ಇದೆ ಎಂದು ಗೊತ್ತಿರಲಿಲ್ಲ.

ಆದರೆ ಸೊಪ್ಪು ಮುಟ್ಟಿಲ್ಲ ಎಂದು ದೇವರ ಆಣೆ ಹಾಕಿದ್ದಳಲ್ಲ? ಎದ್ದು ಅಡುಗೆ ಕೋಣೆಗೆ ಹೋದೆ. ಬಾಗಿಲಿಗೆ ಬೆನ್ನು ಮಾಡಿ ಅವ್ವ ಮಣೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ತಾಟು. ತಾಟಿನಲ್ಲಿ ಗುಡ್ಡದಂತೆ ನುಗ್ಗೆ ಸೊಪ್ಪು, ಅದರ ಬುಡದಲ್ಲಿ ಎಲ್ಲೋ ನಾಲ್ಕು ಅಗುಳು ಅನ್ನ.

"ಅವ್ವಾ, ಏನ್ ಮಾಡಾಕತ್ತಿ?"

ಅವಳಿಗೆ ಗಾಬರಿಯೇ ಆಗಲಿಲ್ಲ. "ರುಚಿ ನೋಡಾಕತ್ತೇನಿ" ಎಂದಳು.

"ಇದು ರುಚಿ ನೋಡೂದಾ? ಒಂದ ತಾಟ ತುಂಬ ಐತಿ!"

"ಎಂಬತ್ತ ಮಕ್ಕಳ ಸಾಂಬಾರ ಐತಿ. ಒಂದ ಹನಿ ನಾಲಿಗಿ ಮ್ಯಾಲ ಇಟಗೊಂಡ್ರ ಉಪ್ಪು ತಿಳೀತತೇನ?"

"ನೀ ತಪ್ಪಲ ಮುಟ್ಟಿಲ್ಲ ಅಂತ ದೇವರಾಣಿ ಹಾಕಿದ್ದಿ!"

"ಊಟಕ್ಕ ಮುಟ್ಟಿಲ್ಲ ಅಂದಿದ್ದೆ" ಎಂದು ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಇದು ಊಟ ಅಲ್ಲ, ಕೆಲಸ. ಊಟ ನಾ ಮನ್ಯಾಗ ಮಾಡ್ತೇನಿ. ನೀ ಕೇಳಿದ್ದು ಊಟದ ಸುದ್ದಿ."

ಬೀಬಿ ಆಪಾ ಅನ್ನ ಕದಡುವುದನ್ನು ನಿಲ್ಲಿಸಿ ನಗತೊಡಗಿದರು. "ಸುನೀತಾ, ಖರೇ ಹೇಳ್ತೇನಿ ಕೇಳವಾ. ಈ ಮಕ್ಕಳು ತಪ್ಪಲೆಲ್ಲಾ ಬೆರಳಿಲೆ ತಗದು ಬದಿಗಿ ಇಡತಾವ, ಬರೇ ಬ್ಯಾಳಿ ಉಣತಾವ. ಅದಕ್ಕ ಇಕಿ ಬಡಸೂಕಿಂತ ಮೊದಲ ಬೋಗಾಣಿಯೊಳಗಿಂದ ಅರ್ಧಾ ತಪ್ಪಲ ಎತ್ತಿ ತನ್ನ ತಾಟಿಗೆ ಹಾಕ್ಕೋತಾಳ. ಚೆಲ್ಲಬಾರದಂತ!"

"ಅವಾ ನೀರ ಹಾಕಿ ಬೆಳಸ್ಯಾವ" ಎಂದಳು ಅವ್ವ, ಸ್ವಲ್ಪ ಸಿಟ್ಟಿನಿಂದಲೇ. "ಸಣ್ಣ ಸಣ್ಣ ಕೈಯಾಗ ಡಬ್ಬಿ ಹಿಡದು ಹಾಕ್ಯಾವ. ನಾಳೆ ಬಂದು, ನಮ್ಮ ತಪ್ಪಲ ಏನ ಮಾಡಿದಿ ಅಕ್ಕಾ ಅಂತ ಕೇಳಿದ್ರ ತಿಪ್ಪಿಗೆ ಚೆಲ್ಲಿದೆ ಅನ್ನಲಿ?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನನ್ನ ಪಟ್ಟಿಯಲ್ಲಿ ಔಷಧವಿತ್ತು, ರೋಗವಿತ್ತು, ಮುಲಾಮಿತ್ತು. ಮಕ್ಕಳ ಮನಸ್ಸು ನೋಯಬಾರದೆಂದು ದಿನಾ ಒಂದು ತಾಟು ಸೊಪ್ಪು ತಿನ್ನುವ ಹೆಂಗಸು ಇರಲಿಲ್ಲ.

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನಾನು ಚೀಟಿಗಳನ್ನೂ, ರಿಜಿಸ್ಟರಿನಿಂದ ಬರೆದುಕೊಂಡ ಹಾಳೆಯನ್ನೂ ಮೇಜಿನ ಮೇಲೆ ಹರಡಿ, ಗೆದ್ದವಳ ದನಿಯಲ್ಲಿ ವಿವರಿಸಿದೆ. ಡಾಕ್ಟರು ಬಹಳ ಹೊತ್ತು ನೋಡಿದರು. "ಭಾಳ ಚಲೋ ಹಿಡದಿ" ಎಂದರು. ನಾನು ಉಬ್ಬಿದೆ. "ಮನ್ಯಾಗ ಸೊಪ್ಪು ಪೂರಾ ಬಂದ್ ಮಾಡಿದವರು ಯಾರು?" ಎಂದು ಕೇಳಿದರು. ನಾನು ಇಳಿದೆ. ಅವ್ವ ಹುಡುಕಬೇಕಾಗಿಯೇ ಇಲ್ಲದ ಅಪರಾಧಿಯನ್ನು ಬೆರಳು ಮಾಡಿ ತೋರಿಸಿದಳು.

ಡಾಕ್ಟರು ನಕ್ಕು, ಮೆತ್ತಗೆ ಹೇಳಿದರು. ಸೊಪ್ಪು ವಿಷವಲ್ಲ. ಬಂದ್ ಮಾಡಬೇಕಿಲ್ಲ. ದಿನಾ ಹೆಚ್ಚು ಕಡಿಮೆ ಒಂದೇ ಅಳತೆ ತಿಂದರೆ ಆಯಿತು, ಆ ಅಳತೆಗೆ ಗುಳಿಗೆಯನ್ನು ಅವರೇ ಹೊಂದಿಸುತ್ತಾರಂತೆ. ಶಾಲೆಯಲ್ಲಿ ಗುಡ್ಡ, ಮನೆಯಲ್ಲಿ ಸೊನ್ನೆ, ಈ ಏರಿಳಿತಕ್ಕೇ ರಕ್ತ ತಾಳ ತಪ್ಪಿದ್ದು. ಮನೆಯಲ್ಲೂ ನಾಲ್ಕು ತುತ್ತು ಸೊಪ್ಪು ಇದ್ದಿದ್ದರೆ ರಜೆ ಬಂದಾಗ ಅಷ್ಟು ಮೇಲೆ ಹಾರುತ್ತಿರಲಿಲ್ಲ. ಅಂದರೆ ಅವ್ವನ ರಕ್ತದ ಗಲಾಟೆಯಲ್ಲಿ ಅರ್ಧ ಪಾಲು ನುಗ್ಗೆ ಗಿಡದ್ದು, ಅರ್ಧ ಪಾಲು ಬಿ.ಫಾರ್ಮಾದ್ದು. ಒಂದು ಕಡೆ ಕರುಣೆ ಅತಿಯಾಗಿತ್ತು, ಇನ್ನೊಂದು ಕಡೆ ಓದು ಅತಿಯಾಗಿತ್ತು.

ಆ ದಿನದಿಂದ ಒಂದು ಸ್ಟೀಲ್ ಬಟ್ಟಲು ಅಳತೆಗೆಂದು ನಿಗದಿಯಾಯಿತು. ದಿನಕ್ಕೆ ಒಂದು ಬಟ್ಟಲು ಸೊಪ್ಪು. ಶಾಲೆ ಇರಲಿ, ಭಾನುವಾರ ಇರಲಿ, ಆಕಾಶ ಹರಿದು ಬೀಳಲಿ. ಉಳಿದ ಸೊಪ್ಪಿಗೆ ಬೀಬಿ ಆಪಾ ದಾರಿ ಹುಡುಕಿದರು. ಸಣ್ಣಗೆ ಹೆಚ್ಚಿ, ಬೇಳೆಯ ಜೊತೆ ಕಡೆದು ಹಾಕತೊಡಗಿದರು. ಮಕ್ಕಳಿಗೆ ಬದಿಗಿಡಲು ಏನೂ ಸಿಗದೆ ಅವು ಉಂಡವು. ಮೊದಲ ಪರೀಕ್ಷೆ, ಎರಡೂವರೆಯ ಸ್ವಲ್ಪ ಮೇಲೆ. ಬಸವರಾಜ, "ಒಂದ ಸರ್ತಿ ಯಾರದರ ಬರತೈತಿ" ಎಂದ. ಎರಡನೆಯದು, ಮೂರರ ಹತ್ತಿರ. ಬಸವರಾಜ ಮಷೀನನ್ನು ಒಮ್ಮೆ ತಟ್ಟಿ ನೋಡಿದ.

ಮೂರನೆಯದು ದಸರಾ ರಜೆಯ ಕೊನೆಗೆ ಬಿತ್ತು. ನಿಜವಾದ ಪರೀಕ್ಷೆ ಅದೇ. ಶಾಲೆ ಮುಚ್ಚಿ ಎಷ್ಟೋ ದಿನವಾಗಿತ್ತು, ಎದುರಿಗೆ ಮಕ್ಕಳಿಲ್ಲ, ಸಾಂಬಾರಿಲ್ಲ. ಆದರೂ ಅವ್ವ ದಿನಾ ಬಟ್ಟಲು ಹಿಡಿದು, ಬೀಗ ಹಾಕಿದ ಶಾಲೆಯ ಹಿಂದಿನ ತೋಟಕ್ಕೆ ಹೋಗಿ, ಗಿಡಗಳಿಗೆ ನೀರು ಹಾಕಿ, ಅಳತೆಯಷ್ಟೇ ಸೊಪ್ಪು ಕಿತ್ತು ತರುತ್ತಿದ್ದಳು. ಒಂದು ಎಲೆ ಹೆಚ್ಚಾದರೆ ನನ್ನನ್ನು ಕರೆದು, "ಇದನ್ನ ಹಿಡೀಲೋ ಬಿಡಲೋ?" ಎಂದು ಕೇಳುವಳು. ಚೀಟಿ ಬರುವವರೆಗೆ ಲ್ಯಾಬಿನ ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದೆ. ಅವಳ ಎದೆಯ ಗಡಿಯಾರ ಸಮನಾಗಿ ನಡೆಯುತ್ತಿತ್ತು. ನನ್ನದು, ತಾಯಿಯ ಹೊಟ್ಟೆಯಿಂದ ತಂದ ಮಾಂಸದ್ದು, ಹಾರಿ ಬೀಳುತ್ತಿತ್ತು. ಬಸವರಾಜ ಚೀಟಿ ತಂದು ನನ್ನ ಕೈಗೆ ಕೊಡದೆ ಅವ್ವನ ಕೈಗೇ ಕೊಟ್ಟ. "ಎರಡು ಪಾಯಿಂಟ್ ಒಂಬತ್ತ್ರಿ ಅವ್ವಾರ" ಎಂದ. ನನ್ನ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಬೇಕೆಂದುಕೊಂಡೆ. ಇನ್ನೂ ಹೊಡೆದಿಲ್ಲ.

ಡಾಕ್ಟರು ಮೂರು ಚೀಟಿಗಳನ್ನೂ ಸಾಲಾಗಿ ಇಟ್ಟು, ಲೆಟರ್‌ಹೆಡ್ ಎಳೆದುಕೊಂಡು ಬರೆದರು. ಅವರು ಬರೆಯುತ್ತಿರುವಾಗ ನಾನು ಸುಮ್ಮನೆ ಇರಬೇಕಿತ್ತು. ಇರಲಿಲ್ಲ. ಕೆ ಜೀವಸತ್ವ ಯಕೃತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆ, ವಾರ್ಫರಿನ್ ಅದರ ದಾರಿಯನ್ನು ಎಲ್ಲಿ ತಡೆಯುತ್ತದೆ, ಎಂದು ಹೃದಯದ ಔಷಧ ಕೊಡುತ್ತ ತಲೆಗೂದಲು ನೆರೆತವರಿಗೆ ವಿವರಿಸುತ್ತಿದ್ದೆ. ಅವರು ಹೂಂಗುಟ್ಟುತ್ತ ಸಹಿ ಹಾಕಿ, ಮುದ್ರೆ ಒತ್ತಿ, ಸರ್ಟಿಫಿಕೇಟನ್ನು ಎರಡೂ ಕೈಯಿಂದ ಅವ್ವನಿಗೆ ಕೊಟ್ಟರು. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬಾರದಿದ್ದರೂ ಮೇಲಿಂದ ಕೆಳಗೆ ಒಂದು ಸಲ ನೋಡಿ, ಶಾಯಿ ಆರಲೆಂದು ಉಫ್ ಎಂದು ಊದಿ, ಎದೆಗೆ ಒತ್ತಿಕೊಂಡಳು. ಆಮೇಲೆ ಇನ್ನೂ ಮಾತು ಮುಗಿಸದ ನನ್ನ ಕಡೆ ನೋಡಿ, ಡಾಕ್ಟರಿಗೆ ಹೇಳಿದಳು:

"ಸಾಹೇಬ್ರ, ಇನ್ನೊಂದ ಹಾಳಿ ತಗೋರಿ, ಇಕಿದೂ ಒಂದು ಬರದ ಕೊಡ್ರಿ. ನಾಲ್ಕ ತಿಂಗಳಾತು, ನನ್ನ ತಾಟಿನ್ಯಾಗ ಕಣ್ಣಿಟ್ಟು ತನ್ನ ತಾಟ ಮರತಾಳ, ಸೊರಗಿ ಕಡ್ಡಿ ಆಗ್ಯಾಳ. ಕೆಲಸಾ ಮಾಡಾಕ ಇಕಿ ಫಿಟ್ ಅದಾಳೋ ಇಲ್ಲೋ, ಒಂದೀಟ ನೋಡ್ರಿ."